ನಾಲ್ಕು ಸಿಮ್ಮಿನ ಯಜಮಾನ

ಸಣ್ಣ ಅಕ್ಷರ ಕಂಡರೆ ಓದದೆ ಬಿಡುವವನಲ್ಲ ನಾನು. ಔಷಧಿ ಸೀಸೆಯ ಹಿಂಬದಿ, ಗೊಬ್ಬರದ ಚೀಲದ ಅಡಿಭಾಗ, ಬಸ್ ಟಿಕೆಟ್ಟಿನ ಬೆನ್ನು, ಉಪ್ಪಿನ ಪೊಟ್ಟಣದ ಅಂಚು, ಎಲ್ಲವನ್ನೂ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಓದಿ ಮುಗಿಸಿದವನು. ಹತ್ತನೇ ತರಗತಿ ಪಾಸಾದದ್ದೇ ನನ್ನ ವಿದ್ಯೆ. ಅದಕ್ಕೆ ತುಕ್ಕು ಹಿಡಿಯದಂತೆ ನೋಡಿಕೊಳ್ಳಲು ಕಂಡುಕೊಂಡ ದಾರಿ ಇದು. ಒಂದು ಮದುವೆಮನೆಯಲ್ಲಿ ಪಂಕ್ತಿಗೆ ಕೂತು ನೀರಿನ ಬಾಟಲಿಯ ಮೇಲೆ ಬರೆದದ್ದನ್ನು ಓದುತ್ತ ಪಾಯಸ ತಪ್ಪಿಸಿಕೊಂಡದ್ದೂ ಉಂಟು. ಇಂಥ ನಾನು ಎಪ್ಪತ್ತಮೂರು ವರ್ಷದಲ್ಲಿ ಓದದೆ ಸಹಿ ಹಾಕಿದ ಕಾಗದ ಒಂದೇ ಒಂದು. ಅದು ಮೊಬೈಲಿನ ಫ್ಯಾಮಿಲಿ ಪ್ಲಾನಿನ ಕಾಗದ. ಯಾಕೆ ಓದಲಿಲ್ಲವೆಂದರೆ, ಅದರ ಮೊದಲ ಸಾಲಿನಲ್ಲೇ ನನ್ನ ಹೆಸರನ್ನು ದಪ್ಪಕ್ಷರದಲ್ಲಿ ಅಚ್ಚು ಮಾಡಿದ್ದರು. ತನ್ನ ಹೆಸರು ದಪ್ಪಗೆ ಕಂಡವನಿಗೆ ಅದರ ಕೆಳಗಿನ ಸಣ್ಣದು ಕಾಣುವುದಿಲ್ಲ.

ಆ ಕಾಗದದಿಂದ ಏನೇನಾಯಿತು ಎಂಬುದನ್ನು ಹೇಳಿಬಿಡುತ್ತೇನೆ. ಹೇಳದೆ ಇಟ್ಟುಕೊಂಡು ಒಮ್ಮೆ ಕೆಟ್ಟಿದ್ದೇನೆ.

ಪುಲ್ಪಳ್ಳಿಯಿಂದ ಕಬಿನಿ ಹೊಳೆಯ ಕಡೆಗೆ ಇಳಿಯುವ ಜಾಗದಲ್ಲಿ ನಮ್ಮ ಮನೆ. ಎರಡು ಎಕರೆ ಮೆಣಸು ಮತ್ತು ಕಾಫಿ, ಅದರ ಮಗ್ಗುಲಲ್ಲಿ ಒಂದಿಷ್ಟು ನೇಂದ್ರ ಬಾಳೆ. ಹೊಳೆಯ ಆಚೆ ದಡ ಕರ್ನಾಟಕ, ಈಚೆ ದಡ ಕೇರಳ. ನಮ್ಮಜ್ಜ ಆಚೆಯಿಂದ ಬಂದು ಈಚೆ ನಿಂತರು. ಅಂದಿನಿಂದ ಮನೆಯೊಳಗೆ ಕನ್ನಡ, ಗೇಟು ದಾಟಿದರೆ ಮಲಯಾಳ. ನಾಲ್ಕನೇ ತರಗತಿಯವರೆಗೆ ಆಚೆ ದಡದ ಅಜ್ಜಿಮನೆಯಲ್ಲಿದ್ದು ಕನ್ನಡ ಕಲಿತದ್ದರಿಂದ ಇದನ್ನು ಬರೆಯಲು ಆಗುತ್ತಿದೆ. ಆಮೇಲಿನ ಓದೆಲ್ಲ ಮಲಯಾಳದಲ್ಲಿ. ಈಗಲೂ ಮಗ್ಗಿ ಹೇಳುವುದು ಮಲಯಾಳದಲ್ಲಿ, ಬೈಯುವುದು ಕನ್ನಡದಲ್ಲಿ.

ಮನೆಯಲ್ಲಿ ನಾವು ನಾಲ್ಕು ಜನ. ನಾನು, ಹೆಂಡತಿ ಪಾರ್ವತಿ, ಬಾಡಿಗೆಗೆ ಜೀಪು ಓಡಿಸುವ ಮಗ ಮಹೇಶ, ಅಂಗನವಾಡಿಯಲ್ಲಿ ಟೀಚರ್ ಆಗಿರುವ ಸೊಸೆ ರಮ್ಯಾ. ನಾಲ್ಕು ಜನಕ್ಕೆ ನಾಲ್ಕು ಫೋನು, ನಾಲ್ಕು ರೀಚಾರ್ಜು, ನಾಲ್ಕು ಬೇರೆ ಬೇರೆ ತಾರೀಕು. ಒಬ್ಬರದು ಹಾಕಿಸಿ ಬರುವಷ್ಟರಲ್ಲಿ ಇನ್ನೊಬ್ಬರದು ಮುಗಿದಿರುತ್ತಿತ್ತು. ಪುಲ್ಪಳ್ಳಿಯ ಬಸ್‌ಸ್ಟ್ಯಾಂಡಿನ ಹತ್ತಿರ ಮೊಬೈಲ್ ಅಂಗಡಿ ಇಟ್ಟಿರುವ ಬಿಜು ಒಂದು ದಿನ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಕಾಗದ ಬಿಚ್ಚಿದ. ಅವನು ಆಡಿದ್ದು ಮಲಯಾಳ. ಇಲ್ಲಿಗೆ ಬೇಕಾದಷ್ಟನ್ನು ಕನ್ನಡಕ್ಕೆ ದಾಟಿಸುತ್ತೇನೆ.

"ಚೇಟ್ಟಾ, ನಾಲ್ಕು ಮಂದಿಗೂ ಸೇರಿ ಒಂದೇ ಬಿಲ್ಲು. ಮಾತು ಎಷ್ಟು ಬೇಕಾದರೂ ಫ್ರೀ. ನೆಟ್ಟು ಒಂದೇ ಕಡೆ ಇರುತ್ತೆ, ನಾಲ್ಕು ಮಂದಿ ಹಂಚಿಕೊಳ್ಳುವುದು. ಟೀವಿ ಫ್ರೀ. ಚೇಟ್ಟನೇ ಪ್ರೈಮರಿ, ಉಳಿದ ಮೂವರು ಚೇಟ್ಟನ ಕೆಳಗೆ."

ಅವನ ಅಪ್ಪನಿಗಿಂತ ದೊಡ್ಡವನು ನಾನು. ಅಂಥವನನ್ನು ಅಣ್ಣ ಎಂದು ಕರೆದದ್ದು ಮೊದಲ ಮೋಸ. ಪ್ರೈಮರಿ ಎಂದದ್ದು ಎರಡನೆಯದು. ನನಗೆ ಗೊತ್ತಿದ್ದ ಪ್ರೈಮರಿ ಎಂದರೆ ಒಂದು ಶಾಲೆ, ಇನ್ನೊಂದು ಆರೋಗ್ಯ ಕೇಂದ್ರ. ಮನುಷ್ಯನೂ ಪ್ರೈಮರಿ ಆಗಬಹುದೆಂದು ಅವತ್ತೇ ತಿಳಿದದ್ದು. ಮೆಣಸು ಮಾರುವ ಕೆಲಸ ಮಹೇಶನಿಗೆ ಹೋಗಿತ್ತು. ಮನೆಯ ಕೀಲಿಕೈ ರಮ್ಯಾಳ ಬಳಿ ಇತ್ತು. ನನ್ನ ಯಜಮಾನಿಕೆ ಎಂದರೆ ಮಳೆ ಬರುತ್ತದೋ ಇಲ್ಲವೋ ಹೇಳುವುದಕ್ಕೆ ಬಂದು ನಿಂತಿತ್ತು, ಅದನ್ನೂ ಯಾರೂ ಕೇಳುತ್ತಿರಲಿಲ್ಲ. ಈಗ ಮೂರು ಜನ ನನ್ನ ಕೆಳಗೆ ಎಂದು ಅಚ್ಚಿನಲ್ಲಿ ಬಂದಿದೆ. ಸಹಿ ಹಾಕಿದೆ. ಅಂಗಡಿಯಿಂದ ಹೊರಗೆ ಬಂದವನು ಮೀಸೆ ತಿರುವಿಕೊಂಡೆ ಎಂದೂ ನೆನಪು.

ಹಂಚಿಕೊಳ್ಳುವುದೆಂದರೆ ಏನೆಂದು ನನಗೆ ಗೊತ್ತಿರಲಿಲ್ಲವೆಂದಲ್ಲ. ನಾನು ಹುಟ್ಟಿದ್ದು ಹದಿನಾಲ್ಕು ಜನರ ಮನೆಯಲ್ಲಿ. ಬಚ್ಚಲಲ್ಲಿ ಒಂದೇ ತಾಮ್ರದ ಹಂಡೆ. ಎಷ್ಟು ಚೆಂಬು ಬಿಸಿನೀರು ತೋಡಿಕೊಂಡೆಯೋ ಅಷ್ಟು ಚೆಂಬು ತಣ್ಣೀರು ತುಂಬಿಸಿ ಬರಬೇಕು ಎಂಬುದು ನಿಯಮ. ಎಲ್ಲರೂ ತುಂಬಿಸಿಯೇ ಬರುತ್ತಿದ್ದೆವು, ಕೇಳಿದರೆ ಹಾಗೆಯೇ ಹೇಳುತ್ತಿದ್ದೆವು. ಆದರೂ ಕೊನೆಗೆ ಸ್ನಾನಕ್ಕೆ ಹೋಗುವ ಚಿಕ್ಕಮ್ಮನ ಪಾಲಿಗೆ ಹಂಡೆಯ ತಳ ಕಾಣುತ್ತಿತ್ತು. ಜಗಲಿಯ ಮೇಲೆ ಕೂತ ನಮ್ಮ ದೊಡ್ಡಪ್ಪ, "ಯಾವನ್ಲಾ ಅದು, ಹಂಡೆನೇ ಕುಡ್ದವ್ನು" ಎಂದು ಗದರುತ್ತಿದ್ದರು. ಎಲ್ಲರಿಗಿಂತ ಮೊದಲು ಹೋಗಿ, ಎಲ್ಲರಿಗಿಂತ ಹೆಚ್ಚು ಹೊತ್ತು ಮಿಂದು ಬರುತ್ತಿದ್ದವರು ಅವರೇ. ಹಂಚಿಕೊಂಡ ಹಂಡೆಯಲ್ಲಿ ಯಾರ ಚೆಂಬು ಎಷ್ಟು ಎಂದು ನೀರು ಹೇಳುವುದಿಲ್ಲ. ಗದರುವವನ ಮೈ ಒದ್ದೆಯಿದೆಯೇ ಎಂದು ಯಾರೂ ಮುಟ್ಟಿ ನೋಡುವುದಿಲ್ಲ.

ಮೊದಲ ಬಿಲ್ಲು ಬಂತು. ಬಿಜು ಹೇಳಿದ್ದ ಮೊತ್ತ ಮೇಲೆ ಇತ್ತು. ಅದರ ಕೆಳಗೆ ಮಳೆಗಾಲದ ಅಣಬೆಯ ಹಾಗೆ ಒಂದೊಂದೇ ಎದ್ದಿದ್ದವು. ಕೆಳಗಿನ ಮೂರು ನಂಬರುಗಳಿಗೆ ಬೇರೆ ಬೇರೆ ಬಾಡಿಗೆ, ಅದಕ್ಕೆ ತೆರಿಗೆ, ಒಮ್ಮೆ ಮಾತ್ರ ಕಟ್ಟಬೇಕಾದ್ದೊಂದು, ಯಾತಕ್ಕೆಂದು ತಿಳಿಯದ್ದೊಂದು. ಆ ತಿಳಿಯದ್ದನ್ನು ರಮ್ಯಾ ತಿಳಿಸಿದಳು.

"ಮಾವ, ಇದು ನಿಮ್ಮ ಹಾಡಿಂದು. ನಿಮಗೆ ಫೋನ್ ಮಾಡಿದ್ರೆ ಆ ಕಡೆಯೋರಿಗೆ ಭಕ್ತಿಗೀತೆ ಕೇಳ್ತದೆ. ಯಾವಾಗಲೋ ಏನೋ ಒತ್ತಿದ್ದೀರ."

ನನ್ನ ಖರ್ಚಿನಲ್ಲಿ ಊರಿಗೆಲ್ಲ ಭಕ್ತಿಗೀತೆ ಕೇಳಿಸುತ್ತಿದ್ದೆ. ನಾನೊಬ್ಬನೇ ಕೇಳಿರಲಿಲ್ಲ, ತನಗೆ ತಾನೇ ಯಾರು ಫೋನು ಮಾಡಿಕೊಳ್ಳುತ್ತಾರೆ. ಮನೆಯವರು ನಕ್ಕರು, ನಾನೂ ನಕ್ಕು ಮುಗಿಸಿದೆ. ಅಲ್ಲಿಗೇ ನಿಂತಿದ್ದರೆ ಇದನ್ನು ಬರೆಯುವ ಕೆಲಸವಿರಲಿಲ್ಲ.

ಇಲ್ಲಿ ಪಾರ್ವತಿಯ ಅಕ್ಕ ದೇವಕ್ಕನ ವಿಷಯ ಹೇಳಬೇಕು. ಹೊಳೆ ದಾಟಿ, ಕಾಡಿನ ನಡುವಿನ ರಸ್ತೆಯಲ್ಲಿ ಬಸ್ಸು ಹಿಡಿದು ಹೋದರೆ ಅಂತರಸಂತೆಯ ಕಡೆಗಿನ ಒಂದು ಹಳ್ಳಿಯಲ್ಲಿ ಅವರ ಮನೆ. ಐದು ವರ್ಷದವರಿದ್ದಾಗ ಜ್ವರ ಬಂದು ಕಿವಿ ಹೋಯಿತು, ಕಿವಿಯ ಹಿಂದೆಯೇ ಮಾತೂ ಹೋಯಿತು. ಓದು ಬರಹ ಇಲ್ಲ. ಅಕ್ಕತಂಗಿಯರಿಬ್ಬರೂ ಚಿಕ್ಕಂದಿನಲ್ಲೇ ತಮ್ಮದೇ ಒಂದು ಕೈಭಾಷೆ ಕಟ್ಟಿಕೊಂಡಿದ್ದರು. ಅದರಲ್ಲಿ ಪ್ರತಿಯೊಬ್ಬರಿಗೂ ಒಂದು ಹೆಸರುಂಟು. ಸ್ಟೇರಿಂಗ್ ತಿರುಗಿಸಿದರೆ ಮಹೇಶ. ಭುಜದ ಮೇಲಿಂದ ಜಡೆ ಎಳೆದು ತೋರಿಸಿದರೆ ರಮ್ಯಾ. ಎರಡು ಬೆರಳಲ್ಲಿ ಮೀಸೆ ತಿರುವಿದರೆ ನಾನು. ಬಹಳ ಗೌರವದ ಹೆಸರು ಎಂದು ನನಗೆ ಅನಿಸುತ್ತಿತ್ತು.

ಮೊದಲೆಲ್ಲ ಇಬ್ಬರೂ ಭೇಟಿಯಾಗುತ್ತಿದ್ದುದು ವರ್ಷಕ್ಕೆ ಎರಡು ಸಲ. ಮುಖ ಕಾಣುವ ಫೋನು ಬಂದ ಮೇಲೆ ದಿನವೂ ಮೂರು ಗಂಟೆಗೆ. ಪಾರ್ವತಿ ಅಡಿಗೆಮನೆಯ ಕಿಟಕಿಯಲ್ಲಿ, ಉಪ್ಪಿನ ಭರಣಿಗೆ ಫೋನು ಒರಗಿಸಿ ಕೂರುವಳು. ಆ ಕಡೆ ದೇವಕ್ಕನ ಸೊಸೆ ಫೋನು ಹಚ್ಚಿ ಕೊಟ್ಟು ಹೋಗುವಳು. ಮುಕ್ಕಾಲು ಗಂಟೆ ಮನೆಯಲ್ಲಿ ಮಾತಿಲ್ಲ, ಬಳೆಯ ಸದ್ದು ಮಾತ್ರ. ನಡುವೆ ಇದ್ದಕ್ಕಿದ್ದಂತೆ ಇಬ್ಬರೂ ನಗುವರು. ಏನು ವಿಷಯವೆಂದು ಕಿಟಕಿಯಲ್ಲಿ ಇಣುಕಿದರೆ ಪಾರ್ವತಿಯ ಎರಡು ಬೆರಳು ಮೂಗಿನ ಕೆಳಗೆ ಇರುತ್ತಿದ್ದವು. ನಾನು ಕೆಮ್ಮಿ ಮುಂದೆ ಹೋಗುತ್ತಿದ್ದೆ.

ಎರಡನೇ ತಿಂಗಳ ಅರ್ಧದಲ್ಲಿ ಯಜಮಾನನಾದ ನನಗೆ ಮೆಸೇಜು ಬಂತು, ನಿಮ್ಮ ಕುಟುಂಬದ ಡೇಟಾ ಅರ್ಧ ಮುಗಿದಿದೆ ಎಂದು. ನಾಲ್ಕು ದಿನ ಬಿಟ್ಟು, ಹೆಚ್ಚುಕಮ್ಮಿ ಪೂರ್ತಿ ಮುಗಿದಿದೆ ಎಂದು. ಆಮೇಲೆ ಬಂದದ್ದು ಬಿಲ್ಲು. ಮುಗಿದ ಮೇಲೂ ಬಳಸಿದ್ದಕ್ಕೆ ಬೇರೆ ದರವಂತೆ. ಅದನ್ನು ಕಾಗದದ ಕೊನೆಯಲ್ಲಿ, ಇರುವೆಯೂ ಕನ್ನಡಕ ಹಾಕಿಕೊಂಡು ಓದಬೇಕಾದ ಅಕ್ಷರದಲ್ಲಿ ಬರೆದಿದ್ದರಂತೆ. ಬಿಲ್ಲು ದುಪ್ಪಟ್ಟಾಗಿತ್ತು. ಊಟವಾದ ಮೇಲೆ ಎಲ್ಲರನ್ನೂ ಜಗಲಿಗೆ ಕರೆದೆ. ಎಷ್ಟೋ ವರ್ಷದ ಮೇಲೆ ನಾನು ಕರೆದ ಪಂಚಾಯಿತಿ ಅದು.

"ನೆಟ್ಟು ಯಾರು ಕುಡಿದ್ರಿ?" ಎಂದೆ.

"ನಂಗೆಲ್ಲಪ್ಪ ಪುರುಸೊತ್ತು?" ಎಂದ ಮಹೇಶ. "ಮೆಣಸಿನ ರೇಟು ನೋಡ್ತೀನಿ, ಬೇಜಾರಾಯ್ತದೆ, ಮುಚ್ಚಿಡ್ತೀನಿ."

"ಅಂಗನವಾಡಿ ಮಕ್ಕಳ ಫೋಟೊ ಕಳಿಸ್ತೀನಿ ಮಾವ, ದಿನಕ್ಕೆ ನಾಲ್ಕು," ಎಂದಳು ರಮ್ಯಾ. "ಸಣ್ಣ ಮಕ್ಕಳು, ಸಣ್ಣ ಫೋಟೊ."

ಪಾರ್ವತಿ ಮೊರದಲ್ಲಿ ಮೆಣಸು ಆರಿಸುತ್ತಿದ್ದಳು. ಆಗ ನಾನು ಆಡಿದ ಮಾತನ್ನು ಇದ್ದ ಹಾಗೆಯೇ ಬರೆಯುತ್ತೇನೆ. ಬದಲಾಯಿಸಿ ಬರೆಯುವ ಆಸೆ ಆಗದೆ ಇಲ್ಲ.

"ಮಾತು ಪೂರ್ತಿ ಫ್ರೀ ಕೊಟ್ಟವ್ರೆ. ಮಾತಾಡಿದ್ರೆ ಸಾಲ್ದಾ? ಮುಖ ನೋಡ್ಲೇಬೇಕಾ?"

ನಮ್ಮವರಲ್ಲಿ ಮುಖ ನೋಡದೆ ಮಾತಾಡಲು ಆಗದವರು ಯಾರೆಂದು ಗೊತ್ತಿಲ್ಲದವರು ಜಗಲಿಯಲ್ಲಿ ಯಾರೂ ಇರಲಿಲ್ಲ. ಮಾತು ಬರುವವರಿಗೆಲ್ಲ ಮಾತು ಫ್ರೀ. ಬಾರದವರ ಮಾತಿಗೆ ಮಾತ್ರ ಮೀಟರು. ಇದು ಕಂಪನಿಯ ಕಾಗದದಲ್ಲಿ ಸಣ್ಣ ಅಕ್ಷರದಲ್ಲಿ ಕೂಡ ಬರೆದಿಲ್ಲ. ಅದನ್ನು ದೊಡ್ಡ ಗಂಟಲಿನಲ್ಲಿ ಹೇಳಿದವನು ನಾನು.

ಪಾರ್ವತಿ ಮೊರ ಕೆಳಗಿಟ್ಟಳು. "ಹಂಗಾದ್ರೆ ನಂದೇ ಇರ್ಬೇಕು ಬುಡಿ. ನಂದ ನಿಲ್ಸಿ," ಎಂದು ಫೋನನ್ನು ಮಹೇಶನ ಕೈಗೆ ಕೊಟ್ಟಳು. ಅವನು ನನ್ನ ಮುಖ ನೋಡಿದ. ಪ್ರೈಮರಿಯಾದ ನಾನು ಹೂಂ ಎಂದು ತಲೆಯಾಡಿಸಿದೆ. ಅವಳ ನಂಬರಿನ ನೆಟ್ಟು ನಿಂತಿತು.

ನ್ಯಾಯ ತೀರಿಸಿದ ಸಮಾಧಾನ ಹದಿನೈದು ದಿನ ಇತ್ತು. ಹದಿನಾರನೇ ದಿನ ಮತ್ತೆ ಮೆಸೇಜು, ಕುಟುಂಬದ ಡೇಟಾ ಮುಗಿಯುತ್ತ ಬಂದಿದೆ ಎಂದು.

"ಅತ್ತೇದು ನಿಲ್ಸಿ ಹದಿನೈದು ದಿನ ಆಯ್ತಲ್ಲ ಮಾವ," ಎಂದಳು ರಮ್ಯಾ. ಅಂಗನವಾಡಿಯಲ್ಲಿ ಚಡ್ಡಿ ಒದ್ದೆ ಮಾಡಿಕೊಂಡ ಮಗುವನ್ನು ಕೇಳುವಾಗಲೂ ಇದೇ ಮೆಲುದನಿ ಇರಬೇಕು.

"ಹಳೇ ಬಾಕಿ ಇರ್ಬೇಕು," ಎಂದು ಹೇಳಿ ಪುಲ್ಪಳ್ಳಿಗೆ ಬಸ್ಸು ಹತ್ತಿದೆ.

ಬಿಜು ತನ್ನ ಕಂಪ್ಯೂಟರಿನಲ್ಲಿ ಏನೇನೋ ಒತ್ತಿ ಪರದೆಯನ್ನು ನನ್ನ ಕಡೆ ತಿರುಗಿಸಿದ. ನಾಲ್ಕು ಗೆರೆಗಳಿದ್ದವು. ಮೂರು ಹುಲ್ಲಿನಷ್ಟಕ್ಕೆ ಎದ್ದಿದ್ದವು. ಒಂದು ತೆಂಗಿನ ಮರದಷ್ಟು.

"ಈ ಮರ ಯಾರದು?" ಎಂದೆ.

"ಚೇಟ್ಟನದೇ," ಎಂದ. "ದಿನವೂ ಬೆಳಿಗ್ಗೆ ಒಂಬತ್ತಕ್ಕೆ ಶುರು, ಸಾಯಂಕಾಲ ಐದಕ್ಕೆ ಕ್ಲೋಸು. ಭಾನುವಾರವೂ ರಜೆ ಇಲ್ಲ. ಯಾವ ಆಫೀಸು ಚೇಟ್ಟಾ?"

ಇನ್ನು, ಇಷ್ಟು ಹೊತ್ತು ನಾನೂ ಸಣ್ಣ ಅಕ್ಷರದಲ್ಲಿ ಮುಚ್ಚಿಟ್ಟದ್ದನ್ನು ನಿಮ್ಮ ಮುಂದೆ ಬಿಚ್ಚಬೇಕು.

ನಮ್ಮ ಬಾಳೆತೋಟಕ್ಕೆ ಕೋತಿಗಳ ಕಾಟ. ಇಪ್ಪತ್ತರ ಹಿಂಡು, ಅದಕ್ಕೊಂದು ಕಿವಿ ಹರಿದ ಮುಖಂಡ. ಪಟಾಕಿ ಹೊಡೆದರೆ ಎರಡು ದಿನ ಬರುವುದಿಲ್ಲ, ಮೂರನೇ ದಿನ ಪಟಾಕಿ ಮುಗಿಯಿತೇ ಎಂದು ವಿಚಾರಿಸಲು ಬರುತ್ತವೆ. ಪಕ್ಕದ ತೋಟದ ಔಸೇಪ್, ನನ್ನ ಓರಗೆಯವನು, ಹಂದಿ ಬಾರದಿರಲೆಂದು ತನ್ನ ಮರಗೆಣಸಿನ ಹೊಲದಲ್ಲಿ ರೇಡಿಯೊ ಕಟ್ಟಿದ್ದ. ನಾನು ಅದಕ್ಕಿಂತ ಒಂದು ಹೆಜ್ಜೆ ಮುಂದೆ ಯೋಚಿಸಿದೆ. ನಾನೂ ಪಾರ್ವತಿಯೂ ಜಗಲಿಯಲ್ಲಿ ವಾದ ಮಾಡುವಾಗ ಎದುರಿನ ಸೀಬೆಮರಕ್ಕೆ ಕೋತಿಗಳು ಬರುವುದಿಲ್ಲವೆಂಬುದನ್ನು ಎಷ್ಟೋ ವರ್ಷದಿಂದ ಗಮನಿಸಿದ್ದೆ. ಎಂದರೆ ಕೋತಿ ಹಾಡಿಗೆ ಹೆದರುವುದಿಲ್ಲ, ಜಗಳಕ್ಕೆ ಹೆದರುತ್ತದೆ. ದಿನವಿಡೀ ನಿಲ್ಲದ ಜಗಳ ಎಲ್ಲಿ ಸಿಗುತ್ತದೆ? ಟೀವಿಯ ವಾರ್ತೆಯಲ್ಲಿ. ಪ್ಲಾನಿನಲ್ಲಿ ಟೀವಿ ಫ್ರೀ ಎಂದು ಬಿಜುವೇ ಹೇಳಿದ್ದನಲ್ಲ. ಹಾಗಾಗಿ ನನ್ನ ಫೋನಿನಲ್ಲಿ ಚರ್ಚೆ ಹಚ್ಚಿ, ಮಹೇಶ ತಂದಿಟ್ಟಿದ್ದ ಪವರ್ ಬ್ಯಾಂಕನ್ನು ಸಿಕ್ಕಿಸಿ, ಎರಡನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಬಾಳೆತೋಟದ ಅಂಚಿನ ಸಿಲ್ವರ್ ಓಕ್ ಮರಕ್ಕೆ ದಿನವೂ ಒಂಬತ್ತಕ್ಕೆ ಕಟ್ಟಿ ಐದಕ್ಕೆ ಬಿಚ್ಚುತ್ತಿದ್ದೆ. ಫೋನು ಯಾಕೆ ಎತ್ತಲಿಲ್ಲವೆಂದು ಮನೆಯಲ್ಲಿ ಕೇಳಿದರೆ ತೋಟದಲ್ಲಿ ರೇಂಜ್ ಇಲ್ಲ ಎನ್ನುತ್ತಿದ್ದೆ. ರೇಂಜ್ ಮರದ ಮೇಲೆ ಬಲು ಚೆನ್ನಾಗಿತ್ತು.

ಮೊದಲ ದಿನ ಕೋತಿಗಳು ಓಡಿದವು. ಎರಡನೇ ದಿನ ದೂರ ಕೂತವು. ವಾರ ಕಳೆಯುವಷ್ಟರಲ್ಲಿ ಆ ಕಿವಿಹರುಕ ಎದುರಿನ ಮರದ ಕವಲಿನಲ್ಲಿ ಕೈಕಟ್ಟಿ ಕೂತು ಚರ್ಚೆ ಕೇಳತೊಡಗಿತು, ನನ್ನದೇ ಬಾಳೆಕಾಯಿ ಸುಲಿಯುತ್ತ. ಆಗಲೇ ಬಿಚ್ಚಿ ಇಡಬೇಕಿತ್ತು. ಆದರೆ ಔಸೇಪ್‌ನ ಮುಂದೆ ಕೊಚ್ಚಿಕೊಂಡು ಆಗಿತ್ತು. ಕೋತಿಗಳ ಎದುರು ಸೋಲಬಹುದು, ಬೇಲಿಯಾಚೆಯವನ ಎದುರು ಸೋಲುವುದು ಕಷ್ಟ.

"ಟೀವಿ ಫ್ರೀ ಅಂದಿದ್ದೆಯಲ್ಲ," ಎಂದೆ ಬಿಜುವಿಗೆ.

"ಟೀವಿ ಫ್ರೀನೇ ಚೇಟ್ಟಾ. ಅದು ಬರುವುದು ನೆಟ್ಟಿನ ಮೇಲೆ. ತೆಂಗಿನಕಾಯಿ ಫ್ರೀ, ಮರ ಹತ್ತುವ ಕೂಲಿ ನಿಮ್ಮದು." ಆಮೇಲೆ ನನ್ನ ಮುಖ ನೋಡಿ ಕನಿಕರಪಟ್ಟ. "ಸಾರಮಿಲ್ಲ. ನಾನೇನೂ ಮನೆಯಲ್ಲಿ ಹೇಳುವುದಿಲ್ಲ."

ಸಾರಮಿಲ್ಲ ಎಂದರೆ ಪರವಾಗಿಲ್ಲ, ಬಿಡು ಎಂದು. ಮಲಯಾಳದಲ್ಲಿ ನನಗೆ ಬಹಳ ಇಷ್ಟವಾದ ಮಾತು. ಅದನ್ನೇ ಬಾಯಲ್ಲಿಟ್ಟುಕೊಂಡು ಮನೆಗೆ ಬಂದೆ. ಮರುದಿನದಿಂದ ಫೋನು ಮರಕ್ಕೆ ಹೋಗಲಿಲ್ಲ. ಅಷ್ಟರಮಟ್ಟಿಗೆ ನಾನು ಪ್ರಾಮಾಣಿಕ. ಆದರೆ ಹೇಳಲಿಲ್ಲ. ಕಾಫಿ ಕುಯ್ಲು ಮುಗಿಯಲಿ ಎಂದುಕೊಂಡೆ. ಆಮೇಲೆ ಮೆಣಸು ಒಣಗಲಿ ಎಂದುಕೊಂಡೆ. ಜಾಣತನದಿಂದ ಒಂದು ದಿನ, "ಈಗ ಬಿಲ್ಲು ಸರಿಹೋಯ್ತು, ನಿಂದು ಹಾಕ್ಸ್ಕೊ ಬೇಕಾದ್ರೆ," ಎಂದೂ ಹೇಳಿ ನೋಡಿದೆ. "ಬ್ಯಾಡ ಬುಡಿ, ಮತ್ತೆ ಪಂಚಾಯ್ತಿ ಯಾಕೆ," ಎಂದಳು. ನಿರಪರಾಧಿಗೆ ಕ್ಷಮೆ ಕೊಡಲು ಹೋದವನಿಗೆ ಅದಕ್ಕಿಂತ ಒಳ್ಳೆಯ ಉತ್ತರ ಸಿಗಬಾರದು.

ಮೂರು ಗಂಟೆಗೆ ಮಾತ್ರ ನನಗೆ ಮನೆಯಲ್ಲಿ ಕೂರಲು ಆಗುತ್ತಿರಲಿಲ್ಲ. ಪಾರ್ವತಿ ಅಭ್ಯಾಸಬಲದಿಂದ ಕಿಟಕಿಗೆ ಬಂದು ಕೂರುವಳು. ಭರಣಿ ಇತ್ತು, ಅದಕ್ಕೆ ಒರಗಿದ್ದೇನೂ ಇರಲಿಲ್ಲ. ಕೈಯೆರಡೂ ಮಡಿಲಲ್ಲಿ. ಒಮ್ಮೊಮ್ಮೆ ಬೆರಳು ತಮ್ಮಷ್ಟಕ್ಕೆ ಅಲುಗಾಡುವುದು ಕಾಣುತ್ತಿತ್ತು, ನಿದ್ದೆಯಲ್ಲಿ ಮಾತಾಡುವವರ ತುಟಿಯ ಹಾಗೆ.

ನಾನು ಬಿಜುವಿನ ಅಂಗಡಿಯಿಂದ ಬಂದ ಹನ್ನೆರಡನೇ ದಿನ ದೇವಕ್ಕನ ಸೊಸೆ ಫೋನು ಮಾಡಿದಳು. ಮಾತು ಫ್ರೀ ಅಲ್ಲವೇ. ಪಾರ್ವತಿಗೆ ಸ್ಪೀಕರಿಗೆ ಹಾಕದೆ ಮಾತಾಡಿ ಅಭ್ಯಾಸವಿಲ್ಲ, ಬಾಗಿಲ ಬಳಿ ಮೆಣಸಿನ ಚೀಲ ಹೊಲಿಯುತ್ತಿದ್ದ ನನಗೂ ಕೇಳಿಸಿತು.

"ಚಿಕ್ಕತ್ತೆ, ಅತ್ತೆ ದಿನಾ ಮೂರು ಗಂಟೆಗೆ ಫೋನು ಒರೆಸಿ ಮುಂದಿಟ್ಕೊಂಡು ಕೂತ್ಕೊತಾರೆ. ನಾಲ್ಕಾದ್ಮೇಲೆ ಎದ್ದೋಯ್ತಾರೆ. ನಿಮಗೆ ಅವ್ರ ಮೇಲೆ ಕೋಪ ಬಂದದೆ ಅಂತ ತಿಳ್ಕೊಂಡವ್ರೆ. ನಿನ್ನೆಯಿಂದ ಮಧ್ಯಾನ್ನದ ಊಟನೂ ಬ್ಯಾಡ ಅಂತಾವ್ರೆ."

ಪಾರ್ವತಿ ಫೋನನ್ನು ಬಾಯಿಯ ಹತ್ತಿರಕ್ಕೆ ತಂದಳು. "ಫೋನು ಕೆಟ್ಟೋಗದೆ, ರಿಪೇರಿಗೆ ಕೊಟ್ಟವ್ರೆ ಅಂತ ತೋರ್ಸವ್ವ," ಎಂದಳು.

ಕೆಡದ ಫೋನು ಅವಳ ಕೈಯಲ್ಲೇ ಇತ್ತು. ನಲವತ್ತೆಂಟು ವರ್ಷದ ಸಂಸಾರದಲ್ಲಿ ಅವಳು ಸುಳ್ಳು ಹೇಳಿದ್ದನ್ನು ನಾನು ಕೇಳಿರಲಿಲ್ಲ. ಈಗ ಹೇಳಿದಳು, ನನ್ನನ್ನು ಅಕ್ಕನ ಮುಂದೆ ಬಿಟ್ಟುಕೊಡಬಾರದೆಂದು. ದಬ್ಬಣ ಕೆಳಗಿಟ್ಟು ಒಳಗೆ ಹೋದೆ.

"ನೆಟ್ಟು ಕುಡ್ದಿದ್ದು ನಾನು ಪಾರ್ವತಿ," ಎಂದು ಶುರುಮಾಡಿ ಮರ, ಚೀಲ, ಚರ್ಚೆ, ಕಿವಿಹರುಕ ಎಲ್ಲವನ್ನೂ ಹೇಳಿದೆ. ನಡುವೆ ಎಲ್ಲಾದರೂ ನಗುತ್ತಾಳೇನೋ ಎಂದು ಕೋತಿಯ ಭಾಗವನ್ನು ಸ್ವಲ್ಪ ಉದ್ದ ಮಾಡಿದೆ. ನಗಲಿಲ್ಲ.

"ಗೊತ್ತಾಗಿ ಎಷ್ಟು ದಿನ ಆಯ್ತು?"

"ಹನ್ನೆರಡು."

"ನೆಟ್ಟು ಬುಡಿ, ಗೊತ್ತಿಲ್ದೆ ಕುಡಿದ್ರಿ. ಆ ಹನ್ನೆರಡು ದಿನ ಯಾರ ಬಿಲ್ಲಿಗೆ ಹಾಕನ?"

ಅವಳೇ ಮುಂದುವರಿಸಿದಳು. "ನಂಗೆ ಹೇಳಿದ್ದಾಯ್ತು. ಅಕ್ಕಂಗೆ ಹೇಳ್ಬೇಕು ನೀವು. ಫೋನಲ್ಲಲ್ಲ, ಎದ್ರಿಗೆ ಬಂದು. ನಾನು ಹೇಳ್ಕೊಡಾಕಿಲ್ಲ, ನೀವೇ ಹೇಳ್ಬೇಕು."

ಕೇಳಿಸದವರ ಮುಂದೆ ತಪ್ಪೊಪ್ಪಿಕೊಳ್ಳುವುದು ಸುಲಭ ಎಂದು ನಿಮಗೆ ಅನಿಸಬಹುದು. ಬಾಯಲ್ಲಿ ಹೇಳುವಾಗ ನಮಗೆ ಎಷ್ಟೊಂದು ಆಸರೆ ಇದೆ ಎಂಬುದು ಆಗಲೇ ನನಗೆ ಗೊತ್ತಾದದ್ದು. "ಆದರೆ", "ಅದು ಹೇಗೆಂದರೆ", "ಒಂದು ಲೆಕ್ಕದಲ್ಲಿ ನೋಡಿದರೆ", ಇಂಥ ಮಾತುಗಳ ಹಿಂದೆ ಅರ್ಧ ತಪ್ಪನ್ನು ಅಡಗಿಸಿಬಿಡಬಹುದು. ಕೈಯಲ್ಲಿ ಹೇಳುವಾಗ "ಒಂದು ಲೆಕ್ಕದಲ್ಲಿ" ಎಂಬುದನ್ನು ಹೇಗೆ ತೋರಿಸುತ್ತೀರಿ? ಕೈಭಾಷೆಯಲ್ಲಿ ಸಣ್ಣ ಅಕ್ಷರವೇ ಇಲ್ಲ.

ಮರುದಿನ ಇಬ್ಬರೂ ಹೊರಟೆವು. ಹೊಳೆ ದಾಟಿಸುವ ತೋಣಿಯಲ್ಲಿ ಕೂತು ನಾನು ಅಭ್ಯಾಸ ಶುರುಮಾಡಿದೆ. ಮರಕ್ಕೆ ಕಟ್ಟುವುದು, ಕೋತಿ ಪಕ್ಕೆ ಕೆರೆಯುವುದು, ಚರ್ಚೆಯವರು ಬೆರಳು ತೋರಿಸುವುದು. ತೋಣಿಯವನು ಹುಟ್ಟು ನಿಲ್ಲಿಸಿ, "ಎಂದಾ ಚೇಟ್ಟಾ, ಕಡನ್ನಲ್ ಕುತ್ತಿಯೋ?" ಎಂದು ಕೇಳಿದ. ಕಣಜ ಕಚ್ಚಿತೇ ಎಂದು. ಪಾರ್ವತಿ ಹೊಳೆಯ ಕಡೆ ಮುಖ ತಿರುಗಿಸಿದಳು. ಅವಳ ಭುಜ ಒಂದು ಸಲ ಅಲುಗಿತೆಂದು ನನಗೆ ಅನಿಸಿತು, ಖಾತ್ರಿಯಿಲ್ಲ.

ದೇವಕ್ಕ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ತಂಗಿಯನ್ನು ಕಂಡರು, ಒಂದು ಕ್ಷಣ ಮುಖ ಅರಳಿತು, ಮರುಕ್ಷಣ ನೆನಪಾಗಿ ಕಣ್ಣನ್ನು ಅವರೆಕಾಯಿಗೆ ಇಳಿಸಿಬಿಟ್ಟರು. ನಮ್ಮಂಥವರು ಮುನಿದರೆ ಮಾತು ಬಿಡುತ್ತೇವೆ, ಕಿವಿ ಹೇಗೂ ತೆರೆದೇ ಇರುತ್ತದೆ. ದೇವಕ್ಕ ಕಣ್ಣು ತಗ್ಗಿಸಿದರೆ ಬಾಗಿಲು ಕಿಟಕಿ ಎಲ್ಲ ಮುಚ್ಚಿದ ಹಾಗೆ. ಪಾರ್ವತಿ ಕೈ ಎತ್ತಿದಳು, ಅವರು ನೋಡಲಿಲ್ಲ. ಪಾರ್ವತಿಯ ಕೈ ಅಲ್ಲೇ ಗಾಳಿಯಲ್ಲಿ ನಿಂತಿತು. ಆ ಕೈ ಕೆಳಗೆ ಇಳಿಯುವುದನ್ನು ನೋಡಲಾರದೆ ನಾನು ಅಂಗಳಕ್ಕೆ ಇಳಿದು, ಹೆಗಲ ಮೇಲಿನ ಟವೆಲಿನಿಂದ ನನ್ನ ಫೋನನ್ನು ಜಗಲಿಯ ಕಂಬಕ್ಕೆ ಕಟ್ಟಿದೆ.

ಅದು ಅವರ ಕಣ್ಣಿಗೆ ಬಿತ್ತು. ನೆಂಟರ ಮನೆಗೆ ಬಂದ ಮುದುಕ ಕಂಬಕ್ಕೆ ಫೋನು ಕಟ್ಟಿದರೆ ಯಾರಾದರೂ ನೋಡಲೇಬೇಕು. ಇನ್ನು ಹಿಂದೆ ಹೋಗುವಂತಿರಲಿಲ್ಲ. ಮೀಸೆ ತಿರುವಿ, ಇದೆಲ್ಲ ನಾನು ಮಾಡಿದ್ದು ಎಂದು ತೋರಿಸಿದೆ. ಎರಡು ಕೈಯನ್ನೂ ಬಾಯಿಗಳಂತೆ ಆಡಿಸಿ, ಒಬ್ಬರಿಗೊಬ್ಬರು ಬೆರಳು ತೋರಿಸಿ ಜಗಳವಾಡಿಸಿದೆ. ಪಕ್ಕೆ ಕೆರೆದುಕೊಂಡು ಅಂಗಳದಲ್ಲಿ ಎರಡು ಸಲ ಕುಪ್ಪಳಿಸಿದೆ, ಮೂರನೆಯದಕ್ಕೆ ಮಂಡಿ ಒಪ್ಪಲಿಲ್ಲ. ಖಾಲಿ ಅಂಗೈ ತೋರಿಸಿ ಎಲ್ಲ ಮುಗಿಯಿತು ಎಂದೆ. ಆಮೇಲೆ ಪಾರ್ವತಿಯ ಕಡೆ ಬೆರಳು ಮಾಡಿ, ಕಣ್ಣು ದೊಡ್ಡದು ಮಾಡಿ, ನಾನು ಹೇಗೆ ಗದರಿದೆನೆಂದು ತೋರಿಸಿದೆ. ಅವಳ ಕೈಯಿಂದ ಫೋನು ಕಿತ್ತುಕೊಂಡಂತೆ ಮಾಡಿ ಕವುಚಿ ಇಟ್ಟೆ. ಬೀದಿಯವರು ಬೇಲಿಯ ಬಳಿ ನಿಂತಿದ್ದರು. ದೇವಕ್ಕನ ಸೊಸೆ ಸೆರಗು ಬಾಯಿಗೆ ತುರುಕಿಕೊಂಡಿದ್ದಳು.

ಇಷ್ಟೂ ಆಯಿತು. ಉಳಿದದ್ದು ಹನ್ನೆರಡು ದಿನ. ಗೊತ್ತಿದ್ದೂ ಹೇಳಲಿಲ್ಲ ಎಂಬುದಕ್ಕೆ ಏನು ಸನ್ನೆ ಮಾಡಬೇಕೆಂದು ತೋಣಿಯಲ್ಲಿ ನಾನು ಯೋಚಿಸಿಯೇ ಇರಲಿಲ್ಲ, ಬೇಕೆಂದೇ ಇರಬೇಕು. ಪಾರ್ವತಿಯನ್ನು ನೋಡಿದೆ. ಅವಳು ಸಹಾಯಕ್ಕೆ ಬರಲಿಲ್ಲ. ಬಿಟ್ಟುಬಿಡಬಹುದಿತ್ತು, ದೇವಕ್ಕನಿಗೆ ಅದು ತಿಳಿಯುತ್ತಲೇ ಇರಲಿಲ್ಲ. ಕೊನೆಗೆ ತಲೆ ಮುಟ್ಟಿ ತೋರಿಸಿದೆ, ಗೊತ್ತಿತ್ತು ಎಂದು. ಅಂಗೈಯಿಂದ ನನ್ನ ಬಾಯಿ ಮುಚ್ಚಿದೆ. ಹತ್ತು ಬೆರಳು ತೋರಿಸಿ ಮತ್ತೆ ಎರಡು ತೋರಿಸಿದೆ. ಆಮೇಲೆ ದೇವರ ಮುಂದೆ ಮಾಡುವ ಹಾಗೆ ಎರಡೂ ಗಲ್ಲ ಬಡಿದುಕೊಂಡೆ.

ದೇವಕ್ಕ ನನ್ನನ್ನೇ ನೋಡುತ್ತಿದ್ದರು. ಮಡಿಲಿನ ಅವರೆಕಾಯಿ ಪಕ್ಕಕ್ಕಿಟ್ಟರು. ಎಡಗೈಯನ್ನು ಗಡಿಗೆಯಂತೆ ಬಾಗಿಸಿ ಬಲಗೈಯಿಂದ ಅದರೊಳಗಿನದನ್ನು ಬಳಿದು ಬಳಿದು ತಿಂದರು, ಬೆರಳು ಚೀಪಿದರು. ಆಮೇಲೆ ಆ ಕೈಯನ್ನು ನಿಧಾನವಾಗಿ ಚಾಚಿ ಪಕ್ಕದಲ್ಲಿ ಕೂತ ತಂಗಿಯ ಬಾಯಿಗೆ ಚೆನ್ನಾಗಿ ಒರೆಸಿದರು.

ಮೊಸರು ತಾನು ತಿಂದು ಮೇಕೆಯ ಬಾಯಿಗೆ ಒರೆಸಿದ ಕೋತಿಯ ಗಾದೆಯನ್ನು ನಾನು ಸಾವಿರ ಸಲ ಕೇಳಿದ್ದೇನೆ, ನೂರು ಸಲ ಇನ್ನೊಬ್ಬರಿಗೆ ಹೇಳಿದ್ದೇನೆ. ಅದನ್ನು ನೋಡಿದ್ದು ಅದೇ ಮೊದಲು. ಕಿವಿ ಕೇಳದವರಿಗೆ ಆ ಗಾದೆಯನ್ನು ಯಾರು ಯಾವಾಗ ತಲುಪಿಸಿದರೋ. ಪಾರ್ವತಿಯೇ ಇರಬೇಕು, ಇಬ್ಬರೂ ಲಂಗ ತೊಡುತ್ತಿದ್ದ ವಯಸ್ಸಿನಲ್ಲಿ. ಬಾಯಿ ಒರೆಸಿಸಿಕೊಂಡ ಮೇಕೆ ಮೊದಲು ನಕ್ಕಿತು. ಆಮೇಲೆ ಅಕ್ಕ. ಅಕ್ಕನ ನಗುವಿಗೆ ದನಿಯಿಲ್ಲ, ಮೈ ಮಾತ್ರ ಕುಲುಕುತ್ತದೆ. ತಂಗಿ ಇಬ್ಬರ ದನಿಯನ್ನೂ ಒಬ್ಬಳೇ ನಕ್ಕಳು. ಬೇಲಿಯ ಬಳಿ ನಿಂತವರೂ ಸೇರಿಕೊಂಡರು.

ನಗು ಇಳಿದ ಮೇಲೆ ದೇವಕ್ಕ ನನ್ನ ಕಡೆ ತಿರುಗಿ ಪಕ್ಕೆ ಕೆರೆದು, ಕೈ ದೂರಕ್ಕೆ ಬೀಸಿ, ಹುಬ್ಬು ಏರಿಸಿದರು. ಅಂತೂ ಕೋತಿಗಳು ಹೋದವೇ ಎಂದು.

ನಾನು ಜಗಲಿಯ ಅಂಚಿಗೆ ಹತ್ತಿ ಕುಕ್ಕರುಗಾಲಲ್ಲಿ ಕೂತು, ಕೈಕಟ್ಟಿ, ಕಂಬದ ಮೇಲಿನ ಫೋನನ್ನು ಗಂಭೀರವಾಗಿ ನೋಡುತ್ತ, ಇಲ್ಲದ ಬಾಳೆಕಾಯಿ ಸುಲಿದು ತಿಂದೆ.

ಅವತ್ತು ನಮಗೆ ಅವರೆಕಾಳಿನ ಸಾರು, ಮುದ್ದೆ. ದೇವಕ್ಕ ಎರಡು ಮುದ್ದೆ ಉಂಡರು. ನನ್ನ ಎಲೆಗೆ ಮೊಸರು ಬಡಿಸಲು ಬಂದ ಸೊಸೆಯನ್ನು ತಡೆದು, ಮೊದಲು ಪಾರ್ವತಿಯ ಬಾಯಿ ನೋಡು ಎಂದು ಸನ್ನೆ ಮಾಡಿದರು.

ಊರಿಗೆ ಬಂದ ಮೇಲೆ ಬಿಜುವಿನ ಅಂಗಡಿಗೆ ಹೋಗಿ ಪ್ರೈಮರಿಯನ್ನು ರಮ್ಯಾಳ ಹೆಸರಿಗೆ ಬದಲಾಯಿಸಲು ಕೊಟ್ಟೆ. ಈ ಸಲ ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಮುಕ್ಕಾಲು ಗಂಟೆ ಹಿಡಿಯಿತು, ಬಿಜು ಎರಡು ಚಾಯ ತರಿಸಿದ. ಟೀವಿ ನೋಡಿದರೆ ನೆಟ್ಟು ಖರ್ಚಾಗುತ್ತದೆ ಎಂದು ಹನ್ನೊಂದನೇ ಸಾಲಿನಲ್ಲಿ ಬರೆದೇ ಇತ್ತು. ಕಂಪನಿಯವರು ಸಣ್ಣದಾಗಿಯಾದರೂ ಬರೆದಿದ್ದರು. ನಾನು ಅಷ್ಟೂ ಮಾಡಿರಲಿಲ್ಲ. ಫೋನಿನ ಟೀವಿ ಹೋಯಿತು, ಭಕ್ತಿಗೀತೆ ಹೋಯಿತು, ಈಗ ಬಿಲ್ಲು ಹೊಳೆಯ ನೀರಿನಷ್ಟು ತಣ್ಣಗಿದೆ.

ಒಂದು ಬಾಬತ್ತು ಮಾತ್ರ ಉಳಿದಿದೆ. ಮೂರು ಗಂಟೆಗೆ ಅಡಿಗೆಮನೆಯಲ್ಲಿ ಬಳೆಯ ಸದ್ದು ಶುರುವಾಗುತ್ತದೆ. ನಾನು ಕಿಟಕಿಯ ಹೊರಗೆ ಹಾದುಹೋಗುವಾಗ ದೇವಕ್ಕ ಪರದೆಯಲ್ಲಿ ನನ್ನನ್ನು ಕಂಡು, ಹೇಗಿದ್ದಾರೆ ಎಂದು ತಂಗಿಯನ್ನು ಕೇಳುತ್ತಾರೆ. ಮೊದಲಾಗಿದ್ದರೆ ಎರಡು ಬೆರಳು ಮೂಗಿನ ಕೆಳಗೆ ಹೋಗುತ್ತಿದ್ದವು. ಈಗ ಹಾಗಲ್ಲ. ಅಂಗೈಯನ್ನು ಒಮ್ಮೆ ತಮ್ಮ ಬಾಯಿಗೆ ಒರೆಸಿ, ಆಮೇಲೆ ಗಾಳಿಯಲ್ಲಿ ನಿಂತ ಮೇಕೆಯ ಬಾಯಿಗೆ ಒರೆಸುತ್ತಾರೆ. ಅದು ನಾನು. ಅವರ ಭಾಷೆಯಲ್ಲಿ ನನ್ನ ಹೆಸರು ಈಗ ಅದೇ, ಸಾಯುವವರೆಗೂ ಅದೇ ಇರುತ್ತದೆ. ಇಬ್ಬರೂ ನಗುತ್ತಾರೆ.

ನಾನು ಕೆಮ್ಮುವುದಿಲ್ಲ. ಕಿಟಕಿಯಲ್ಲಿ ಪೂರ್ತಿ ಮುಖ ತೋರಿಸಿ, ಇದ್ದ ಮೀಸೆಯನ್ನು ನಾನೇ ಒಂದು ಸಲ ತಿರುವಿ, ಬಾಳೆತೋಟದ ಕಡೆ ಹೋಗುತ್ತೇನೆ. ಅಲ್ಲಿ ಕಿವಿಹರುಕ ಅದೇ ಕವಲಿನಲ್ಲಿ ಕೂತು, ಫೋನಿಲ್ಲದ ಮರವನ್ನು ನೋಡುತ್ತಿರುತ್ತದೆ.